ಮಕ್ಕಳ ಚಿತ್ರ ಯಾರ ಚಿತ್ರ?

ಮೂಡಿಗೆರೆಯಿಂದ ಕಳಸದವರೆಗಿನ ಯಾವುದೇ ಹಿರಿಯ ಪ್ರಾಥಮಿಕ ಶಾಲೆಗೆ ಹೋಗಿ, ಆರನೆಯ ಅಥವಾ ಏಳನೆಯ ತರಗತಿಯ ಮಕ್ಕಳಿಗೆ ‘ಒಂದು ನಿಸರ್ಗ ದೃಶ್ಯ ಬರೆಯಿರಿ’ ಎಂದು ಹೇಳಿದರೆ ಹೆಚ್ಚಿನ ಹಾಳೆಗಳ ಮೇಲೆ ಒಂದೇ ಚಿತ್ರ ಮೂಡುತ್ತದೆ. ಎರಡು ತ್ರಿಕೋನಾಕಾರದ ಬೆಟ್ಟ, ಅವುಗಳ ನಡುವೆ ಅರ್ಧ ಸೂರ್ಯ, ಬೆಟ್ಟದ ಬುಡದಿಂದ ಹಾವಿನಂತೆ ಇಳಿದು ಬರುವ ನದಿ, ದಡದಲ್ಲೊಂದು ಗುಡಿಸಲು, ಅದರ ಪಕ್ಕ ಬಾಗಿದ ತೆಂಗಿನಮರ, ಮೇಲೆ ನಾಲ್ಕು ಗೆರೆಯ ಹಕ್ಕಿಗಳು. ತರಗತಿಯ ಕಿಟಕಿಯಾಚೆ ಕಾಣುವ ಬೆಟ್ಟಕ್ಕೆ ಚೂಪು ತುದಿ ಇರುವುದಿಲ್ಲ. ಅದರ ನೆತ್ತಿ ದುಂಡು, ಮೈತುಂಬ ಹುಲ್ಲು, ಮಡಿಕೆ ಮಡಿಕೆಗಳಲ್ಲಿ ಕಪ್ಪುಹಸಿರಿನ ಶೋಲಾ ಕಾಡು. ಮಗುವಿನ ಮನೆಯ ಸುತ್ತ ಇರುವುದು ಕಾಫಿ ಗಿಡ, ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್, ಅಡಿಕೆ, ಇನ್ನೂ ಉಳಿದಿದ್ದರೆ ಒಂದಿಷ್ಟು ಗದ್ದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೂರ್ಯನ ಮುಖ ಕಾಣುವುದೇ ಅಪರೂಪವಾದ ಊರಿನಲ್ಲಿ, ಜುಲೈ ತಿಂಗಳ ಚಿತ್ರದಲ್ಲಿಯೂ ಆ ಸೂರ್ಯ ತಪ್ಪದೆ ಉದಯಿಸುತ್ತಾನೆ.

ಈ ಸೀಮೆಯ ಹಿಂದಿನವರು ಬೆಟ್ಟಗಳನ್ನು ಹೀಗೆ ಕಂಡವರಲ್ಲ. ಕುದುರೆಯ ಮುಖದಂತೆ ಕಂಡದ್ದನ್ನು ಕುದುರೆಮುಖ ಎಂದರು; ಎತ್ತಿನ ಹೆಗಲಿನಂತೆ ಉಬ್ಬಿ ನಿಂತದ್ದನ್ನು ಎತ್ತಿನಭುಜ ಎಂದರು. ಶಾಲೆಯ ಮೆಟ್ಟಿಲು ಹತ್ತದವರು, ಬಣ್ಣದ ಪೆಟ್ಟಿಗೆ ಕಾಣದವರು, ನೋಡಿ ನೋಡಿ ಇಟ್ಟ ಹೆಸರುಗಳಿವು. ಅವರ ಮೊಮ್ಮಕ್ಕಳು ಅದೇ ಬೆಟ್ಟದ ಕೆಳಗೆ ಕುಳಿತು ಸ್ಕೇಲು ಹಿಡಿದು ತ್ರಿಕೋನ ಎಳೆಯುತ್ತಿದ್ದಾರೆ.

ಇದರಲ್ಲಿ ಮಕ್ಕಳ ತಪ್ಪೇನೂ ಇಲ್ಲ. ಆ ಚಿತ್ರ ಅವರದಲ್ಲ. ಅದು ಕರಿಹಲಗೆಯ ಮೇಲಿನಿಂದ, ಅಂಗಡಿಯಲ್ಲಿ ಸಿಗುವ ಚಿತ್ರಪುಸ್ತಕದಿಂದ, ಅಣ್ಣ ಅಕ್ಕಂದಿರ ನೋಟ್‌ಬುಕ್ಕಿನಿಂದ ಇಳಿದು ಬಂದದ್ದು. ಚಿತ್ರಕಲೆಯ ಪಿರಿಯಡ್ ಎಂದರೆ ಗಣಿತದ ಪಾಠ ಮುಗಿಯದಿದ್ದಾಗ ಬಿಟ್ಟುಕೊಡಲು ಇರುವ ಅವಧಿ. ಬಿಟ್ಟುಕೊಡದ ದಿನ, ಹಲಗೆಯ ಮೇಲಿನ ಮಾವಿನಹಣ್ಣನ್ನು ನಕಲು ಮಾಡುವ ಅವಧಿ. ನಕಲಿನಿಂದ ಕೈ ಪಳಗುತ್ತದೆ ಎಂಬುದು ಸುಳ್ಳಲ್ಲ. ಆದರೆ ಹನ್ನೊಂದು ಹನ್ನೆರಡು ವರ್ಷದ ವಯಸ್ಸಿಗೆ ಒಂದು ವಿಶೇಷವಿದೆ. ಅದುವರೆಗೆ ಆನೆಗೆ ಐದು ಕಾಲು ಬರೆದು ಸಂಕೋಚವಿಲ್ಲದೆ ತೋರಿಸುತ್ತಿದ್ದ ಮಗುವಿಗೆ ಈ ವಯಸ್ಸಿನಲ್ಲಿ ತನ್ನ ಚಿತ್ರ ನಿಜವಾದ ಆನೆಯಂತಿಲ್ಲ ಎಂಬ ಅರಿವಾಗುತ್ತದೆ. ಆಗ ‘ಹಾಗಾದರೆ ಹೋಗಿ ಇನ್ನೊಮ್ಮೆ ನೋಡು’ ಎನ್ನುವವರಿದ್ದರೆ ಕಣ್ಣು ಬೆಳೆಯುತ್ತದೆ. ಇಲ್ಲದಿದ್ದರೆ ‘ನನಗೆ ಡ್ರಾಯಿಂಗ್ ಬರಲ್ಲ’ ಎಂಬ ತೀರ್ಮಾನಕ್ಕೆ ಬಂದು ಮಗು ಪೆನ್ಸಿಲು ಕೆಳಗಿಡುತ್ತದೆ. ಅನೇಕರು ಆಮೇಲೆ ಜೀವಮಾನದಲ್ಲಿ ಅದನ್ನು ಎತ್ತಿಕೊಳ್ಳುವುದೇ ಇಲ್ಲ. ಮಿಡ್ಲ್ ಸ್ಕೂಲಿನ ಮೂರು ವರ್ಷಗಳು ಈ ಕಾರಣಕ್ಕಾಗಿ ಮುಖ್ಯವಾದವು.

ಆ ಮೂರು ವರ್ಷಗಳಲ್ಲಿ ಮಲೆನಾಡಿನ ಮಗುವಿಗೆ ಕಲೆಯ ಬೋಧಕರು ಸಿಗುವರೇ? 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೆಯ ತರಗತಿಯವರೆಗೆ ಕಲೆ ಕಡ್ಡಾಯ ವಿಷಯವಾಗಬೇಕೆಂದಿತು. ನಾಲ್ಕು ವರ್ಷಗಳ ನಂತರ, 2009ರಲ್ಲಿ ಬಂದ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯನ್ನು ತೆರೆದು ನೋಡಿದರೆ ಬೇರೆ ಮಾತಿದೆ. ಆರರಿಂದ ಎಂಟನೆಯ ತರಗತಿಗಳಲ್ಲಿ ದಾಖಲಾತಿ ನೂರನ್ನು ಮೀರಿದರೆ ಮಾತ್ರ ಕಲೆಗೆ, ದೈಹಿಕ ಶಿಕ್ಷಣಕ್ಕೆ, ಕಾರ್ಯಾನುಭವಕ್ಕೆ ಅರೆಕಾಲಿಕ ಬೋಧಕರಿರಬೇಕು ಎಂದು ಅಲ್ಲಿ ಬರೆದಿದೆ. ನೂರರ ಒಳಗಿದ್ದರೆ ಕಾಯ್ದೆ ಮೌನವಾಗಿದೆ. ಮಲೆನಾಡಿನಲ್ಲಿ ಊರೆಂದರೆ ಗುಡ್ಡಕ್ಕೊಂದು ಮನೆ, ಹಳ್ಳದಾಚೆಗೆ ಮತ್ತೊಂದು. ಒಳಹಳ್ಳಿಯ ಶಾಲೆಯೊಂದರಲ್ಲಿ ಆರು, ಏಳು, ಎಂಟು ಸೇರಿ ನೂರು ಮಕ್ಕಳಾಗುವುದು ಅಪರೂಪ. ಬಯಲುಸೀಮೆಯ ದೊಡ್ಡ ಊರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಒಂದು ಸಂಖ್ಯೆ ಗುಡ್ಡಗಾಡಿನ ಮಕ್ಕಳನ್ನು ಹೀಗೆ ಸದ್ದಿಲ್ಲದೆ ಹೊರಗಿಟ್ಟಿದೆ. ರಸ್ತೆಗೆ, ಮೊಬೈಲ್ ಟವರಿಗೆ, ಆಸ್ಪತ್ರೆಗೆ ಜನಸಂಖ್ಯೆಯ ಲೆಕ್ಕ ಹಾಕಿ ಮಲೆನಾಡನ್ನು ಹಿಂದೆ ಬಿಡುವುದನ್ನು ಪ್ರಶ್ನಿಸುತ್ತ ಬಂದಿರುವ ಸಂಘಟನೆಗಳು ಈ ನೂರರ ಲೆಕ್ಕವನ್ನೂ ಪ್ರಶ್ನಿಸಬೇಕಾಗಿದೆ. ಗುಡ್ಡಗಾಡಿಗೆ ಬೇರೆ ಮಾನದಂಡ ಬೇಕು. ನಾಲ್ಕೈದು ಶಾಲೆಗಳಿಗೆ ಸೇರಿ ಒಬ್ಬ ಸಂಚಾರಿ ಕಲಾಬೋಧಕರನ್ನು ಕೊಟ್ಟರೂ ಒಂದು ಆರಂಭವಾಗುತ್ತದೆ.

ಆದರೆ ಬೋಧಕರು ಬಂದೊಡನೆ ಎಲ್ಲವೂ ಸರಿಹೋಗದು. ಬಂದವರು ಮತ್ತೆ ಹಲಗೆಯ ಮೇಲೆ ಮಾವಿನಹಣ್ಣು ಬರೆದರೆ ಸಂಬಳ ಖರ್ಚಾದೀತೇ ಹೊರತು ತ್ರಿಕೋನ ಅಳಿಯದು. ಏನನ್ನು ಬರೆಯಬೇಕು, ಎಲ್ಲಿ ಕುಳಿತು ಬರೆಯಬೇಕು, ಎಷ್ಟು ದಿನ ಬರೆಯಬೇಕು, ಬರೆದದ್ದನ್ನು ಯಾರಿಗೆ ತೋರಿಸಬೇಕು ಎಂಬ ನಾಲ್ಕು ನಿರ್ಧಾರಗಳು ಮಕ್ಕಳ ಕೈಗೆ ಹೋಗಬೇಕು. ಮಕ್ಕಳೇ ನಡೆಸುವ ಕಲಾಯೋಜನೆ ಎಂದರೆ ಇಷ್ಟೇ. ಶಿಕ್ಷಕರಿಗೆ ಆಗ ಕೆಲಸ ಕಡಿಮೆಯಾಗುವುದಿಲ್ಲ. ಜಗಳ ಬಿಡಿಸಬೇಕು, ಹಳ್ಳಕ್ಕೆ ಇಳಿದವರನ್ನು ಕಾಯಬೇಕು, ಉಂಬಳ ಹತ್ತಿದ ಕಾಲಿಗೆ ಸುಣ್ಣ ಹಚ್ಚಬೇಕು. ಎಲ್ಲಕ್ಕಿಂತ ಕಷ್ಟವಾದದ್ದು, ಮಗುವಿನ ಹಾಳೆಯ ಮೇಲೆ ತಮ್ಮ ಪೆನ್ಸಿಲು ಇಡದೆ ಸುಮ್ಮನಿರಬೇಕು.

ಈ ವಿಚಾರ ಕನ್ನಡನಾಡಿಗೆ ಹೊಸದಲ್ಲ. ಚಾರ್ಮಾಡಿ ಘಾಟಿ ಇಳಿದು ಹೋದರೆ ಸಿಗುವ ಪುತ್ತೂರಿನಲ್ಲಿ ಶಿವರಾಮ ಕಾರಂತರು 1930ರ ದಶಕದಲ್ಲಿಯೇ ಬಾಲವನವನ್ನು ಕಟ್ಟಿ, ಆಟ, ನಾಟಕ, ಕುಣಿತ, ಚಿತ್ರಗಳು ಶಿಕ್ಷಣದ ಹೊರಗಿನ ಅಲಂಕಾರಗಳಲ್ಲ ಎಂದು ಮಾಡಿ ತೋರಿಸಲು ಹೊರಟಿದ್ದರು. ಮಕ್ಕಳಿಗಾಗಿ ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನು ಬರೆದವರೂ ಅವರೇ. ತೀರ ಈಚಿನ ಉದಾಹರಣೆ ಬೇಕೆಂದರೆ, ಕೋವಿಡ್‌ನಿಂದ ಹಿಂದೆ ಬಿದ್ದ ಓದನ್ನು ಸರಿದೂಗಿಸಲು 2022-23ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ನಡೆದ ‘ಕಲಿಕಾ ಹಬ್ಬ’ವಿದೆ. ಅದರಲ್ಲಿ ‘ಕಾಗದ-ಕತ್ತರಿ’ ಎಂಬ ಚಟುವಟಿಕೆಯಿತ್ತು, ‘ಊರು ತಿಳಿಯೋಣ’ ಎಂಬುದೂ ಇತ್ತು. ಊರು ತಿಳಿಯೋಣದಲ್ಲಿ ಮಕ್ಕಳು ಊರು ಸುತ್ತಿ, ಹಿರಿಯರನ್ನು ಮಾತನಾಡಿಸಿ, ತಾವು ಕಂಡದ್ದನ್ನು ನಕ್ಷೆಯಾಗಿ, ಚಿತ್ರವಾಗಿ ಇಳಿಸಬೇಕಾಗಿತ್ತು. ಇಲಾಖೆಯ ಯೋಜನೆಗಳನ್ನು ಹೊಗಳುವ ಅಭ್ಯಾಸ ಈ ಪತ್ರಿಕೆಯ ಓದುಗರಿಗೆ ಇಲ್ಲದಿರಬಹುದು. ಆದರೂ ಇದು ಹೊಗಳಬೇಕಾದದ್ದು. ಕೊರತೆಯೆಂದರೆ, ಹಬ್ಬ ಹಬ್ಬವಾಗಿಯೇ ಮುಗಿಯಿತು. ತೋರಣ ಬಿಚ್ಚಿದ ಮೇಲೆ ತರಗತಿ ಹಳೆಯ ವೇಳಾಪಟ್ಟಿಗೆ ಮರಳಿತು. ಊರನ್ನು ತಿಳಿಯುವುದು ಎರಡು ದಿನದ ಕೆಲಸವಲ್ಲ. ಹೂಮಳೆ ಬಿದ್ದ ಎಂಟೊಂಬತ್ತು ದಿನಕ್ಕೆ ಕಾಫಿ ಹೂ ಅರಳುವ ಮಾರ್ಚಿನಲ್ಲಿ ಒಂದು ಊರಿದೆ, ಸಂಕದ ಮೇಲೆ ನೀರು ಹರಿಯುವ ಜುಲೈಯಲ್ಲಿ ಇನ್ನೊಂದು ಊರಿದೆ, ಕಣದ ತುಂಬ ಹಣ್ಣು ಹರಡಿದ ಜನವರಿಯಲ್ಲಿ ಮತ್ತೊಂದು.

ಚಿತ್ರ ಬರೆಯುವುದರಿಂದ ಓದು ಹಾಳಾಗುತ್ತದೆ, ವಿಜ್ಞಾನಕ್ಕೆ ಸಮಯ ಸಾಲದು ಎಂಬ ಆಕ್ಷೇಪ ಪೋಷಕರಿಂದ ಬರುತ್ತದೆ. ಕೃಷಿ ವಿಜ್ಞಾನದ ಚರಿತ್ರೆ ಇದಕ್ಕೆ ನೇರವಾದ ಉತ್ತರ ಕೊಡುತ್ತದೆ. ಕಾಫಿ ಬೆಳೆಗಾರರೆಲ್ಲರಿಗೂ ಗೊತ್ತಿರುವ ಎಲೆತುಕ್ಕು ರೋಗ 1869ರಲ್ಲಿ ಸಿಂಹಳದಲ್ಲಿ ದಾಖಲಾಗಿ, ಕೆಲವೇ ವರ್ಷಗಳಲ್ಲಿ ಅಲ್ಲಿನ ಕಾಫಿಯನ್ನು ನೆಲಕಚ್ಚಿಸಿತು. 1880ರಲ್ಲಿ ಅಲ್ಲಿಗೆ ಹೋದ ಮಾರ್ಷಲ್ ವಾರ್ಡ್ ಎಂಬ ತರುಣ ಸಸ್ಯವಿಜ್ಞಾನಿ ಮಾಡಿದ ಕೆಲಸದಲ್ಲಿ ದೊಡ್ಡ ಪಾಲು ಎಲೆಯನ್ನು ನೋಡುವುದು, ನೋಡಿದ್ದನ್ನು ಬರೆಯುವುದು. ಶಿಲೀಂಧ್ರದ ಬೀಜಾಣು ಎಲೆಯ ಮೇಲೆ ಮೊಳೆತು, ಎಲೆಯ ರಂಧ್ರದ ಮೂಲಕ ಒಳಹೊಕ್ಕು ಬೆಳೆಯುವುದನ್ನು ಅವನು ಹಂತಹಂತವಾಗಿ ಚಿತ್ರಿಸಿದ. ಅದಕ್ಕೂ ಎರಡು ಶತಮಾನ ಹಿಂದೆ, 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಲ್ಲಿ ಬಂದ ‘ಹೋರ್ಟಸ್ ಮಲಬಾರಿಕಸ್’ ಪಶ್ಚಿಮ ಕರಾವಳಿಯ ಗಿಡಮರಗಳನ್ನು ಲೋಕಕ್ಕೆ ಪರಿಚಯಿಸಿದ್ದು ನೂರಾರು ಚಿತ್ರಗಳ ಮೂಲಕ. ಆ ಚಿತ್ರಗಳ ಹಿಂದೆ ಇದ್ದದ್ದು ಇಲ್ಲಿನ ನಾಟಿವೈದ್ಯರ ತಿಳಿವಳಿಕೆ.

ಇಂದು ಮೊಬೈಲ್ ಕ್ಯಾಮೆರಾ ಇದೆಯಲ್ಲ ಎನ್ನಬಹುದು. ಫೋಟೋ ತೆಗೆಯುವವನಿಗೆ ಎಲೆಯ ಮೇಲೆ ಎಷ್ಟು ಚುಕ್ಕಿಗಳಿವೆ ಎಂದು ತಿಳಿಯಬೇಕಾದ ಅಗತ್ಯವಿಲ್ಲ. ಚಿತ್ರ ಬರೆಯುವವನು ಎಣಿಸದೆ ಬರೆಯಲಾರ. ಅರೇಬಿಕಾ ಗಿಡದ ಬಿಳಿ ಕಾಂಡಕೊರಕವನ್ನೇ ತೆಗೆದುಕೊಳ್ಳಿ. ಜೀರುಂಡೆ ತೊಗಟೆಯ ಬಿರುಕಿನಲ್ಲಿ ಮೊಟ್ಟೆಯಿಡುತ್ತದೆ, ಹುಳು ಒಳಗೆ ಸುರಂಗ ಕೊರೆಯುತ್ತದೆ, ಹೊರಗೆ ಕಾಂಡದ ಮೇಲೆ ಉಬ್ಬುಗೆರೆಗಳು ಏಳುತ್ತವೆ. ತೋಟದಲ್ಲಿ ದಿನಾ ಓಡಾಡುವ ದೊಡ್ಡವರು ಕೂಡ ಗಿಡ ಹಳದಿಯಾಗಿ ಸೊರಗುವವರೆಗೆ ಆ ಉಬ್ಬುಗೆರೆಯನ್ನು ಗಮನಿಸದೆ ಇರುವುದುಂಟು. ಗಿಡದ ಬುಡದಲ್ಲಿ ಒಂದು ಗಂಟೆ ಕುಳಿತು ಆ ಕಾಂಡವನ್ನು ಬರೆದ ಹುಡುಗಿ ಅದನ್ನು ಮರೆಯಲಾರಳು. ನೆರಳು ತೆಗೆದು ಬಿಸಿಲು ಬೀಳುವ ಜಾಗದ ಗಿಡಗಳಿಗೇ ಈ ಹುಳುವಿನ ಕಾಟ ಹೆಚ್ಚೇಕೆ ಎಂದು ಅವಳೇ ಕೇಳುವ ದಿನವೂ ಬಂದೀತು. ಕಳಸದ ಸುತ್ತಿನ ಅಡಿಕೆ ತೋಟಗಳನ್ನು ಹಣ್ಣು ಮಾಡಿರುವ ಎಲೆಚುಕ್ಕಿ ರೋಗದ ವಿಷಯವೂ ಹೀಗೆಯೇ. ಒಂದೇ ಮರದ ಒಂದೇ ಸೋಗೆಯನ್ನು ತಿಂಗಳಿಗೊಮ್ಮೆ ದಿನಾಂಕ ಹಾಕಿ ಬರೆದ ಹನ್ನೆರಡು ಹಾಳೆಗಳಿದ್ದರೆ, ಅದನ್ನು ಬರೆದದ್ದು ಏಳನೆಯ ತರಗತಿಯವರು ಎಂಬ ಕಾರಣಕ್ಕೆ ಯಾವ ವಿಜ್ಞಾನಿಯೂ ಪಕ್ಕಕ್ಕಿಡಲಾರ. ಮೂಡಿಗೆರೆಯಲ್ಲಿ ತೋಟಗಾರಿಕೆ ಕಾಲೇಜಿದೆ, ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿ ಸಂಶೋಧನಾ ಕೇಂದ್ರವಿದೆ. ಇವುಗಳಿಗೂ ಪಕ್ಕದ ಸರ್ಕಾರಿ ಶಾಲೆಗೂ ನಡುವೆ ಈಗಿರುವ ದೂರ ರಸ್ತೆಯ ಕಿಲೋಮೀಟರುಗಳಿಗಿಂತ ಹೆಚ್ಚು.

ಪೂರ್ಣಚಂದ್ರ ತೇಜಸ್ವಿಯವರ ಹೆಸರು ಈ ಸಂದರ್ಭದಲ್ಲಿ ತಾನಾಗಿಯೇ ಬರುತ್ತದೆ. 2007ರಲ್ಲಿ ತೀರಿಕೊಳ್ಳುವವರೆಗೆ ಮೂಡಿಗೆರೆಯ ತೋಟದಲ್ಲಿದ್ದು ಕಾಫಿ ಬೆಳೆದ, ಬರೆದ, ಚಿತ್ರ ಬಿಡಿಸಿದ, ಒಂದು ಹಕ್ಕಿಗಾಗಿ ದಿನಗಟ್ಟಲೆ ಕ್ಯಾಮೆರಾ ಹಿಡಿದು ಕಾದ ಮನುಷ್ಯ ಅವರು. ಕಲೆ, ವಿಜ್ಞಾನ, ಬೇಸಾಯಗಳ ನಡುವೆ ಗೋಡೆಯಿಲ್ಲ ಎಂಬುದಕ್ಕೆ ಈ ತಾಲ್ಲೂಕಿನ ಮಕ್ಕಳು ಹೊರಗಿನಿಂದ ಸಾಕ್ಷಿ ತರಬೇಕಾಗಿಲ್ಲ. ಕೊಟ್ಟಿಗೆಹಾರದಲ್ಲಿ ಅವರ ಹೆಸರಿನ ಪ್ರತಿಷ್ಠಾನವೂ ಇದೆ.

ಇನ್ನು ಪರಿಸರ ಚಳವಳಿಗೇ ಹೇಳಬೇಕಾದ ಒಂದು ಮಾತು. ಜೂನ್ 5 ಬಂತೆಂದರೆ ಸಂಘ ಸಂಸ್ಥೆಗಳು ಶಾಲೆಗಳಲ್ಲಿ ಚಿತ್ರಕಲಾ ಸ್ಪರ್ಧೆ ಏರ್ಪಡಿಸುತ್ತವೆ. ವಿಷಯವನ್ನು ಮೊದಲೇ ಕೊಡುತ್ತಾರೆ: ‘ಮರ ಬೆಳೆಸಿ, ನಾಡು ಉಳಿಸಿ’. ಮಕ್ಕಳು ಅರ್ಧ ಹಸಿರು ಅರ್ಧ ಒಣಗಿದ ಭೂಗೋಳ, ಅದನ್ನು ಹಿಡಿದ ಎರಡು ಕೈ, ಕೊಡಲಿಯಿಂದ ಕಣ್ಣೀರು ಸುರಿಸುವ ಮರವನ್ನು ಬರೆಯುತ್ತಾರೆ. ಮೂವರಿಗೆ ಬಹುಮಾನ, ಉಳಿದವರಿಗೆ ಚಾಕೊಲೇಟು. ಇದು ತ್ರಿಕೋನ ಬೆಟ್ಟದ ಇನ್ನೊಂದು ರೂಪ. ದೊಡ್ಡವರ ಘೋಷಣೆಗೆ ಚಿಕ್ಕವರ ಕೈಯಿಂದ ಬಣ್ಣ ಹಚ್ಚಿಸಿದರೆ ಅದು ಮಕ್ಕಳ ಕಲೆಯೂ ಆಗದು, ಪರಿಸರ ಶಿಕ್ಷಣವೂ ಆಗದು. ಸರ್ಕಾರ, ಕಂಪನಿಗಳು ಜನರ ಬಾಯಿಗೆ ತಮ್ಮ ಮಾತನ್ನು ತುರುಕುತ್ತವೆ ಎಂದು ಆಕ್ಷೇಪಿಸುವವರು ಮಕ್ಕಳ ವಿಷಯದಲ್ಲಿ ಅದನ್ನೇ ಮಾಡಬಾರದು.

ಮಕ್ಕಳ ಕೈಗೆ ನಿರ್ಧಾರ ಕೊಟ್ಟರೆ ಚಳವಳಿಗೆ ಹಿತವಲ್ಲದ ಚಿತ್ರಗಳೂ ಬರುತ್ತವೆ, ಬರಬೇಕು. ಮನೆಯ ಬಾಳೆಯನ್ನು ಮುರಿದುಹಾಕಿದ ಆನೆ ಮಗುವಿನ ಚಿತ್ರದಲ್ಲಿ ಗಣಪತಿಯ ಮುಖ ಹೊತ್ತು ಬರುವುದಿಲ್ಲ. ಕತ್ತಲಲ್ಲಿ ನಿಂತ ಭಯವಾಗಿ ಬರುತ್ತದೆ. ಗುಡ್ಡ ಅಗೆಯುವ ಜೆಸಿಬಿಯನ್ನು ಹುಡುಗರು ಪ್ರೀತಿಯಿಂದ, ಒಂದೊಂದು ಬೋಲ್ಟೂ ಬಿಡದೆ ಬರೆದಾರು. ಹೋಂಸ್ಟೇ ಮುಂದೆ ನಿಂತ ಕಾರುಗಳ ಸಾಲು ಬಂದೀತು. ಎಸ್ಟೇಟಿನ ಲೈನ್ ಮನೆಯ ಒಂದೇ ಕೋಣೆಯಲ್ಲಿ ಮಲಗುವ ಆರು ಜನರ ಚಿತ್ರ ಬಂದರೆ ಅದನ್ನು ನೋಡಲು ತೋಟದ ಮಾಲೀಕರಿಗೂ ಕಷ್ಟ, ಮಾಲೀಕರೇ ಬಹಳಷ್ಟು ಮಂದಿ ಸದಸ್ಯರಾಗಿರುವ ಪರಿಸರ ಸಂಘಕ್ಕೂ ಕಷ್ಟ. ಈ ಕಷ್ಟವನ್ನು ಎದುರಿಸದೆ ಮಲೆನಾಡಿನ ಪರಿಸರದ ಮಾತು ಪೂರ್ತಿಯಾಗುವುದಿಲ್ಲ. ಅಸ್ಸಾಮಿನಿಂದಲೂ ಉತ್ತರದ ಇತರ ರಾಜ್ಯಗಳಿಂದಲೂ ತೋಟದ ಕೆಲಸಕ್ಕೆ ಬಂದ ಕುಟುಂಬಗಳ ಮಕ್ಕಳು ಈಗ ಈ ಶಾಲೆಗಳ ಬೆಂಚಿನಲ್ಲಿ ಕುಳಿತಿದ್ದಾರೆ. ಕನ್ನಡ ಬಾರದೆ ತಿಂಗಳುಗಟ್ಟಲೆ ಮೌನವಾಗಿರುವ ಅಂಥ ಮಗುವಿಗೆ ಮೊದಲ ದಿನವೇ ತೆರೆದಿರುವ ಬಾಗಿಲು ಚಿತ್ರವೊಂದೇ. ತಾನು ಬಿಟ್ಟುಬಂದ ಊರಿನ ಬಯಲು, ಅಗಲವಾದ ನದಿಗಳನ್ನು ಆ ಮಗು ಬರೆದರೆ, ಗುಡ್ಡದ ಹೊರತು ಬೇರೇನೂ ಕಾಣದ ಪಕ್ಕದ ಹುಡುಗನಿಗೂ ಅದು ಪಾಠವೇ.

ಕಹಿ ನೆನಪುಗಳ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಗಳಲ್ಲಿ ಗುಡ್ಡ ಜಾರಿ ಮನೆ ತೋಟಗಳು ಹೋದಾಗ ತೀರ ಚಿಕ್ಕವರಾಗಿದ್ದವರು ಈಗ ಮಿಡ್ಲ್ ಸ್ಕೂಲಿನ ವಯಸ್ಸಿಗೆ ಬಂದಿದ್ದಾರೆ, ಕೆಲವರು ದಾಟಿದ್ದಾರೆ. ‘ಭೂಕುಸಿತದ ಚಿತ್ರ ಬರೆ’ ಎಂದು ಅವರಿಗೆ ಯಾರೂ ಹೇಳಬಾರದು. ಬರೆಯಬೇಕೆನಿಸಿದಾಗ ಅವರೇ ಬರೆಯುತ್ತಾರೆ. ಬರೆದದ್ದನ್ನು ಗೋಡೆಗೆ ಹಚ್ಚಬೇಕೇ, ಚೀಲದಲ್ಲಿಯೇ ಇಟ್ಟುಕೊಳ್ಳಬೇಕೇ ಎಂಬುದೂ ಅವರದೇ ತೀರ್ಮಾನ. ಕುದುರೆಮುಖದ ಕಥೆ ಬೇರೆ. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಅಲ್ಲಿ ಗಣಿಗಾರಿಕೆ ನಿಂತಿತು. ಇಂದಿನ ಏಳನೆಯ ತರಗತಿಯವರು ಹುಟ್ಟಿದ್ದೇ ಅದಾದ ಎಷ್ಟೋ ವರ್ಷಗಳ ಮೇಲೆ. ಗಣಿಯ ಹೂಳು ಭದ್ರೆಯನ್ನು ಸೇರುತ್ತಿದ್ದ ಕಾಲದಲ್ಲಿ ಹೊಳೆಯ ನೀರು ಯಾವ ಬಣ್ಣದ್ದಾಗಿತ್ತು ಎಂದು ಅಜ್ಜ ಅಜ್ಜಿಯರನ್ನು ಕೇಳಿ ಬಣ್ಣ ಕಲಸುವುದು, ‘ಅಲ್ಲ ಮಗಾ, ಇನ್ನೂ ಗಟ್ಟಿ’ ಎಂದರೆ ಮತ್ತೆ ಕಲಸುವುದು, ಇದಕ್ಕಿಂತ ಒಳ್ಳೆಯ ಚರಿತ್ರೆಯ ಪಾಠ ಯಾವ ಪುಸ್ತಕದಲ್ಲಿದೆ?

ಬಣ್ಣಕ್ಕೆ ದುಡ್ಡೆಲ್ಲಿ ಎಂಬ ಪ್ರಶ್ನೆಗೆ ಮಲೆನಾಡಿನ ಹೆಣ್ಣುಮಕ್ಕಳು ಎಂದೋ ಉತ್ತರ ಕೊಟ್ಟಿದ್ದಾರೆ. ಸಾಗರ, ಸೊರಬ, ಸಿದ್ದಾಪುರ ಸೀಮೆಯ ದೀವರ ಮನೆಗಳ ಹಸೆ ಚಿತ್ತಾರದಲ್ಲಿ ಕೆಂಪು ಎಂದರೆ ಕೆಮ್ಮಣ್ಣು, ಬಿಳಿ ಎಂದರೆ ಅಕ್ಕಿ ಹಿಟ್ಟು, ಕಪ್ಪು ಎಂದರೆ ಹುರಿದು ಕರಕಲು ಮಾಡಿದ ಅಕ್ಕಿ, ಹಳದಿ ಎಂದರೆ ಗುರಿಗೆ ಕಾಯಿ. ಕುಂಚವೆಂದರೆ ಪುಂಡಿ ನಾರು. ಕಾಫಿ ಸೀಮೆಯಲ್ಲಿ ಇವುಗಳ ಜೊತೆಗೆ ಕಾಫಿಯ ಗಟ್ಟಿ ಡಿಕಾಕ್ಷನ್ ಇದೆ, ಕಂದಿನ ಹತ್ತು ಛಾಯೆ ಅದರಲ್ಲಿಯೇ ಸಿಗುತ್ತವೆ. ಅಡಿಕೆ ಬೇಯಿಸಿದ ಚೊಗರಿದೆ. ತುಕ್ಕು ಹಿಡಿದ ಮೊಳೆ ನೆನೆಸಿದ ನೀರನ್ನು ಅದಕ್ಕೆ ಬೆರೆಸಿದರೆ ಕಪ್ಪಿಗೆ ತಿರುಗುತ್ತದೆ. ಅರಿಶಿನಕ್ಕೆ ಸುಣ್ಣ ಸೇರಿಸಿದರೆ ಕೆಂಪಾಗುವುದು ಎಲ್ಲ ಮನೆಯಲ್ಲಿಯೂ ಗೊತ್ತು. ಆಮ್ಲ ಪ್ರತ್ಯಾಮ್ಲಗಳ ಪಾಠ ಮುಂದಿನ ತರಗತಿಯವರೆಗೆ ಕಾಯಬೇಕಾಗಿಲ್ಲ. ಊರಿನಲ್ಲಿ ಹಸೆ ಬರೆಯಬಲ್ಲ, ಚಾಪೆ ಹೆಣೆಯಬಲ್ಲ, ಬುಟ್ಟಿ ಕಟ್ಟಬಲ್ಲ ಹಿರಿಯರನ್ನು ಶಾಲೆಗೆ ಕರೆತರಲು ಯಾವ ಸುತ್ತೋಲೆಯ ಅಗತ್ಯವೂ ಇಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಬಗ್ಗೆ ತಕರಾರುಗಳು ಅನೇಕ, ಆದರೆ ಆರರಿಂದ ಎಂಟನೆಯ ತರಗತಿಯ ಅವಧಿಯಲ್ಲಿ ಹತ್ತು ದಿನ ಮಕ್ಕಳು ಚೀಲವಿಲ್ಲದೆ ಊರಿನ ಬಡಗಿ, ಕುಂಬಾರ, ಕಲಾವಿದರ ಜೊತೆ ಕಲಿಯಲಿ ಎಂಬ ಅದರ ಮಾತನ್ನು ಯಾರೂ ತಳ್ಳಿಹಾಕಬೇಕಾಗಿಲ್ಲ.

ಬೇಕಾದದ್ದು ಸಮಯ. ನಲವತ್ತು ನಿಮಿಷದಲ್ಲಿ ಹಳ್ಳದವರೆಗೆ ಹೋಗಿ ಬರುವುದೂ ಆಗದು. ವಾರದ ಎರಡು ಪಿರಿಯಡ್‌ಗಳನ್ನು ಒಟ್ಟುಗೂಡಿಸಿ ಶನಿವಾರ ಬೆಳಿಗ್ಗೆ ಇಟ್ಟುಕೊಳ್ಳುವ ಅಧಿಕಾರ ಮುಖ್ಯಶಿಕ್ಷಕರಿಗೆ ಇರಲಿ. ಶಾಲಾಭಿವೃದ್ಧಿ ಸಮಿತಿ ಅದಕ್ಕೆ ಬೆಂಬಲವಾಗಿ ನಿಲ್ಲಲಿ. ಅಂಕ ಕೊಡುವುದು, ಒಂದು ಎರಡು ಮೂರು ಎಂದು ಬಹುಮಾನ ಹಂಚುವುದು ಬೇಡ. ಬರೆದ ಚಿತ್ರಗಳು ಶಾಲೆಯ ಕಪಾಟಿನಲ್ಲಿ ಬೀಗ ಹಾಕಿಸಿಕೊಳ್ಳದೆ ಹಾಲಿನ ಡೈರಿಯ ಗೋಡೆಗೆ, ನ್ಯಾಯಬೆಲೆ ಅಂಗಡಿಯ ಪಡಸಾಲೆಗೆ, ಗ್ರಾಮಸಭೆ ನಡೆಯುವ ಪಂಚಾಯಿತಿಯ ಹಾಲ್‌ಗೆ ಬರಲಿ. ಒಣಗಿದ ಒರತೆ ಎಲ್ಲಿ, ಕುಸಿಯುತ್ತಿರುವ ದರೆ ಎಲ್ಲಿ, ಮಳೆಗಾಲದಲ್ಲಿ ಶಾಲೆಗೆ ಬರಲು ದಾಟಬೇಕಾದ ಸಂಕ ಎಷ್ಟು ಹಳೆಯದು ಎಂಬುದನ್ನು ಮಕ್ಕಳು ಬರೆದು ತೂಗುಹಾಕಿದ ಗೋಡೆಯ ಮುಂದೆ ಕುಳಿತು ಕ್ರಿಯಾಯೋಜನೆ ತಯಾರಿಸುವುದು ಸದಸ್ಯರಿಗೂ ಸ್ವಲ್ಪ ಕಷ್ಟವಾಗಲಿ.

ಪ್ರತಿ ಹಾಳೆಯ ಮೂಲೆಯಲ್ಲಿ ಬರೆದವರ ಹೆಸರು, ಜಾಗ, ದಿನಾಂಕ ಇರಬೇಕು. ಕರಪತ್ರಕ್ಕೋ ಕ್ಯಾಲೆಂಡರಿಗೋ ಒಂದು ಚಿತ್ರ ಬೇಕಾದರೆ ಸಂಘದವರು ಬರೆದ ಮಗುವನ್ನೇ ಕೇಳಬೇಕು. ಶಿಕ್ಷಕರ ಒಪ್ಪಿಗೆ ಸಾಲದು. ಗೋಡೆಯಿಂದ ಇಳಿಸಿದ ಮೇಲೆ ಹಾಳೆಗಳನ್ನು ತಗಡಿನ ಟ್ರಂಕಿನಲ್ಲಿ ಇಟ್ಟು, ಮಳೆಗಾಲ ಹಿಡಿಯುವ ಮೊದಲು ಒಮ್ಮೆ, ಮುಗಿದ ಮೇಲೆ ಮತ್ತೊಮ್ಮೆ ಬಿಸಿಲಿಗೆ ಹರಡಬೇಕು. ಈ ಸೀಮೆಯ ಥಂಡಿಗೆ ಕಾಗದ ಬೂಷ್ಟು ಹಿಡಿಯಲು ಹದಿನೈದು ದಿನ ಸಾಕು.